ಕ್ಯಾನ್ಸರಿಗೆ ಕರೆಂಟ್ (ರೇಡಿಯೇಷನ್) ಕೊಡ್ಸಿ ಎರಡೂವರೆ ವರ್ಷ ಆಯ್ತು, ಈಗ ದವಡೆ ಹಲ್ಲು ಕೀಳಿಸಬಹುದಾ? ಮಂಡ್ಯ ಮೈಸೂರು ಕಡೆಯವ್ರು ದಯವಿಟ್ಟು ಹೇಳಿ

ಪಾಂಡವಪುರದ ಹುಡುಗ:

ಎಲ್ರಿಗೂ ನಮಸ್ಕಾರ. ನಮ್ಮಪ್ಪಂಗೆ 61 ವರ್ಷ, ಬೇಸಾಯ ಮಾಡ್ಕೊಂಡಿರೋರು. ಬಲಗಡೆ ಕೆನ್ನೆ ಒಳಗೆ ಹುಣ್ಣಾಗಿ ವಾಸಿನೇ ಆಗ್ದೆ ತೋರ್ಸಿದಾಗ ಕ್ಯಾನ್ಸರ್ ಅಂತ ಬಂತು, ಆಪರೇಷನ್ ಆಯ್ತು, ಆಮೇಲೆ ಕರೆಂಟ್ ಕೊಡ್ಸಿದ್ವಿ, ಸೋಮವಾರದಿಂದ ಶುಕ್ರವಾರ ದಿನಾ, ಆರು ವಾರ. ಪೇಪರಲ್ಲಿ 60 ಗ್ರೇ 30 ಫ್ರಾಕ್ಷನ್ ಅಂತ ಬರ್ದವ್ರೆ, ಗ್ರೇ ಅಂದ್ರೆ ರೇಡಿಯೇಷನ್ ಡೋಸಿನ ಅಳತೆಯಂತೆ, ಅದ್ನ 30 ಸಲ ಭಾಗ ಮಾಡಿ ಕೊಟ್ಟವ್ರೆ. ಅದೆಲ್ಲ ಮುಗ್ದು ಎರಡೂವರೆ ವರ್ಷ ಆಯ್ತು, ಚೆಕಪ್ಪಲ್ಲಿ ಎಲ್ಲ ಚೆನ್ನಾಗದೆ ಅಂತವ್ರೆ, ಆ ವಿಷ್ಯದಲ್ಲಿ ನೆಮ್ಮದಿ.

ಈಗ ತೊಂದ್ರೆ ಬಂದಿರೋದು ಹಲ್ಲಿಂದ. ಕರೆಂಟ್ ಆದ್ಮೇಲೆ ಅವ್ರಿಗೆ ಬಾಯಿ ಒಣಗೋದು ಜಾಸ್ತಿ, ರಾತ್ರಿ ಎದ್ದೆದ್ದು ನೀರು ಕುಡೀತಾರೆ, ಮುದ್ದೆ ಆದ್ರೂ ಸಾರು ಜಾಸ್ತಿ ಹಾಕ್ಕೊಂಡೇ ನುಂಗಬೇಕು. ಒಂದು ವರ್ಷದಿಂದ ಹಲ್ಲುಗಳ ಬುಡದಲ್ಲಿ ಸುತ್ತ ಕಂದು ಬಣ್ಣ ಬಂದು ಹುಳುಕಾಗ್ತಾ ಅವೆ. ಬಲಗಡೆ ಕೆಳಗಿನ ದವಡೆ ಹಲ್ಲು ಒಂದು ಅರ್ಧ ಮುರ್ದೇ ಹೋಗದೆ, ರಾತ್ರಿ ನೋವು ಅಂತಾರೆ, ಒಂದ್ಸಲ ಕೆನ್ನೆ ಊದ್ಕೊಂಡು ಮಾತ್ರೆ ತಗೊಂಡ್ಮೇಲೆ ಇಳೀತು. ಮನೇಲಿ ಯಾರೋ ಲವಂಗದ ಎಣ್ಣೆ ಹಚ್ಚಿ ಅಂದ್ರು, ಹಚ್ಚಿದ್ದಕ್ಕೆ ಆ ಜಾಗ ಸುಟ್ಟಂಗಾಗಿ ಎರಡು ದಿನ ಊಟ ಬಿಟ್ರು.

ಟೌನಲ್ಲಿ ಒಂದು ಕ್ಲಿನಿಕ್ಕಿಗೆ ಕರ್ಕೊಂಡು ಹೋದ್ರೆ ಇಂಜೆಕ್ಷನ್ ಕೊಟ್ಟು ಈಗ್ಲೇ ತೆಗೆದ್ಬಿಡ್ತೀನಿ ಹತ್ತು ನಿಮಿಷದ ಕೆಲ್ಸ ಅಂದ್ರು. ಕರೆಂಟ್ ಆಗಿರೋ ವಿಷ್ಯ ನಾನೇ ಹೇಳ್ದೆ, ಎರಡೂವರೆ ವರ್ಷ ಆಯ್ತಲ್ಲ ಅದ್ರ ಪವರ್ರೆಲ್ಲ ಹೋಗಿರ್ತದೆ ಬುಡಿ ಅಂದ್ರು. ನಂಗೆ ಯಾಕೋ ಧೈರ್ಯ ಬರ್ಲಿಲ್ಲ, ನಾಳೆ ಬರ್ತೀವಿ ಅಂತ ಹೇಳಿ ಕರ್ಕೊಂಡ್ಬಂದೆ. ನಮ್ಮ ಭಾವನ ಕಡೆಯವ್ರೊಬ್ರು ನರ್ಸು, ಅವ್ರು ಯಾವ ಕಾರಣಕ್ಕೂ ಮುಟ್ಟಿಸ್ಬೇಡಿ ದವಡೆ ಮೂಳೆನೇ ಕೊಳ್ತೋಗ್ತದೆ ಅಂತ ಹೆದರಿಸಿದ್ರು. ಅಪ್ಪ ಮಾತ್ರ ಕಿತ್ತು ಬಿಸಾಕ್ಸು ಮಗಾ ನಿದ್ದೆ ಇಲ್ಲ ಅಂತವ್ರೆ. ಇನ್ನೊಬ್ರು ಬೆಂಗಳೂರಲ್ಲಿ ಆಕ್ಸಿಜನ್ ಚೇಂಬರಲ್ಲಿ ಕೂರ್ಸಿ ಆಮೇಲೆ ಕೀಳ್ಸಬೇಕು ಅಂದ್ರು. ಯಾರ ಮಾತು ಕೇಳೋದು? ಗೊತ್ತಿರೋರು ಇದ್ರೆ ಬಿಡಿಸಿ ಹೇಳಿ.


ಮೈಸೂರು ಓರಲ್ ಸರ್ಜನ್:

ಕ್ಲಿನಿಕ್ಕಿಂದ ಎದ್ದು ಬಂದಿದ್ದು ತುಂಬ ಒಳ್ಳೇದಾಯ್ತು. ನಾನು ಮೈಸೂರಲ್ಲಿ ಬಾಯಿ ಮತ್ತು ದವಡೆ ಸರ್ಜರಿ ಮಾಡೋನು, ಬಾಯಿ ನೋಡದೆ ಚಿಕಿತ್ಸೆ ಹೇಳಕ್ಕಾಗಲ್ಲ ಆದ್ರೆ ವಿಷ್ಯ ಏನು ಅಂತ ಹೇಳ್ತೀನಿ, ಸ್ವಲ್ಪ ಉದ್ದ ಆಗತ್ತೆ ಪೂರ್ತಿ ಓದಿ.

ಮೊದಲು ಆ "ಪವರ್ ಹೋಗಿರತ್ತೆ" ಅನ್ನೋ ಮಾತು. ಇದು ತಪ್ಪು, ಮತ್ತೆ ಈ ತಪ್ಪಿಂದಾನೇ ಜನರ ದವಡೆ ಹಾಳಾಗ್ತಿರೋದು, ಅದಕ್ಕೆ ಒತ್ತಿ ಹೇಳ್ತಿದೀನಿ. ಮೆಷಿನ್ನಿಂದ ಕೊಡೋ ರೇಡಿಯೇಷನ್ ಮೈಯಲ್ಲಿ ಉಳ್ಕೊಳಲ್ಲ, ಅದು ನಿಜ, ಮೆಷಿನ್ ಆಫ್ ಆದ ಕ್ಷಣ ಮುಗೀತು. ಆದ್ರೆ ಅದು ದವಡೆ ಮೂಳೆಗೆ ಮಾಡಿರೋ ಬದಲಾವಣೆ ಮುಗಿಯಲ್ಲ. ಸಣ್ಣ ಸಣ್ಣ ರಕ್ತನಾಳಗಳ ಒಳಗೋಡೆ ದಪ್ಪ ಆಗ್ತಾ ಹೋಗಿ ದಾರಿ ಕಿರಿದಾಗತ್ತೆ, ಕೆಲವು ಮುಚ್ಚೇ ಹೋಗ್ತವೆ, ಹೊಸ ಮೂಳೆ ಕಟ್ಟೋ ಜೀವಕೋಶಗಳು ಕಮ್ಮಿ ಆಗ್ತವೆ, ಆ ಜಾಗದಲ್ಲಿ ನಾರು ತುಂಬ್ಕೊಳತ್ತೆ. ಇದೆಲ್ಲ ತಿಂಗಳು ವರ್ಷ ಕಳೆದ ಹಾಗೆ ಸರಿಹೋಗೋ ಬದಲು ನಿಧಾನವಾಗಿ ಮುಂದುವರಿಯೋ ಅಂಥದ್ದು. ನಿಮ್ಮ ಕಡೆಯವ್ರಿಗೆ ಅರ್ಥ ಆಗೋ ಹಾಗೆ ಹೇಳ್ಬೇಕಂದ್ರೆ ವಿಸಿ ನಾಲೆ ಕೊನೆ ಭಾಗದ ಗದ್ದೆ ಥರ, ಇರೋ ಪೈರು ಹೇಗೋ ಹಸಿರಾಗಿ ನಿಂತಿರತ್ತೆ ಆದ್ರೆ ಹೊಸದಾಗಿ ನಾಟಿ ಮಾಡೋಕೆ ಬೇಕಾದಷ್ಟು ನೀರು ಅಲ್ಲಿಗೆ ಬರಲ್ಲ. ಐದು ವರ್ಷ ಆಗ್ಲಿ ಹತ್ತು ವರ್ಷ ಆಗ್ಲಿ, ಕರೆಂಟ್ ಬಿದ್ದ ದವಡೆ ಅಂದ್ರೆ ಕರೆಂಟ್ ಬಿದ್ದ ದವಡೆನೇ.

ಮಾಮೂಲಿ ಮನುಷ್ಯಂಗೆ ಹಲ್ಲು ಕಿತ್ರೆ ಗುಳಿಯಲ್ಲಿ ರಕ್ತ ಹೆಪ್ಪುಗಟ್ಟತ್ತೆ, ಮೂರು ನಾಲ್ಕು ವಾರದಲ್ಲಿ ಮೇಲೆ ವಸಡು ಮುಚ್ಚತ್ತೆ, ಒಳಗೆ ಮೂಳೆ ತುಂಬೋಕೆ ನಾಲ್ಕರಿಂದ ಆರು ತಿಂಗಳು. ಇದಕ್ಕೆಲ್ಲ ರಕ್ತ ಬೇಕು. ಕರೆಂಟ್ ಆದ ದವಡೇಲಿ ಅದು ಸಾಲದೇ ಇದ್ರೆ ಗುಳಿ ಮುಚ್ಚಲ್ಲ, ಮೂಳೆ ಹೊರಗೆ ಕಾಣಿಸ್ಕೊಂಡು ಹಾಗೇ ಉಳಿಯತ್ತೆ. ಕ್ಯಾನ್ಸರ್ ವಾಪಸ್ ಬಂದಿಲ್ಲ ಅಂತ ಖಾತ್ರಿ ಆಗಿದ್ದು, ಮೂರು ತಿಂಗಳಾದ್ರೂ ತೆರೆದ ಮೂಳೆ ಮುಚ್ಚದೆ ಇದ್ರೆ ಅದಕ್ಕೆ ಆಸ್ಟಿಯೋರೇಡಿಯೋನೆಕ್ರೋಸಿಸ್ ಅಂತೀವಿ. ಕೆಳದವಡೇಲಿ ಇದು ಜಾಸ್ತಿ, ಯಾಕಂದ್ರೆ ಅದು ಗಟ್ಟಿ ಮೂಳೆ, ರಕ್ತ ಬರೋ ದಾರಿಗಳು ಕಮ್ಮಿ. ಮೇಲ್ದವಡೆ ಸ್ವಲ್ಪ ಪುಣ್ಯ ಮಾಡಿದೆ. ನಿಮ್ಮಪ್ಪಂಗೆ ತೊಂದ್ರೆ ಇರೋದು ಕೆಳಗಿನ ದವಡೆ ಹಲ್ಲು, ಅದೂ ಕರೆಂಟ್ ಬಿದ್ದ ಬಲಗಡೆನೇ, ಅದಕ್ಕೇ ಅವಸರ ಬೇಡ ಅನ್ನೋದು.

ಹಾಗಂತ ಆ ನರ್ಸಮ್ಮ ಹೇಳಿದ್ದೂ ಪೂರ್ತಿ ಸರಿ ಅಲ್ಲ. ಕೀಳಿಸಿದ ಎಲ್ಲರ ಮೂಳೆನೂ ಕೊಳೆಯಲ್ಲ. 2011ರಲ್ಲಿ ಬಂದ ಒಂದು ವಿಮರ್ಶೆ ಅಲ್ಲಿವರೆಗಿನ ಅಧ್ಯಯನಗಳನ್ನೆಲ್ಲ ಸೇರಿಸಿ ನೋಡಿದಾಗ, ರೇಡಿಯೇಷನ್ ಆದ್ಮೇಲೆ ಹಲ್ಲು ಕೀಳಿಸಿದವ್ರಲ್ಲಿ ಸುಮಾರು 7% ಜನಕ್ಕೆ ಹೀಗಾಗಿದೆ. ಅಂದ್ರೆ 100ರಲ್ಲಿ 93 ಜನಕ್ಕೆ ವಾಸಿ ಆಗಿದೆ. ಆದ್ರೆ ಆ 7ರಲ್ಲಿ ಬಿದ್ದವ್ರ ಕಷ್ಟ ನಾನು ದಿನಾ ನೋಡೋನು, ಅದಕ್ಕೆ ಇದನ್ನ ಸಣ್ಣ ಅಂಕಿ ಅಂತ ನಾನು ಯಾವತ್ತೂ ಹೇಳಲ್ಲ. ಇನ್ನೊಂದು, ಕೀವು ತುಂಬಿದ ಹಲ್ಲನ್ನ ಹೆದರಿಕೊಂಡು ಹಾಗೇ ಬಿಟ್ರೂ ಅದೇ ಸೋಂಕು ಮೂಳೆಗೆ ಇಳಿದು ಅದೇ ಗತಿ ತರತ್ತೆ, ಹಲ್ಲು ಕೀಳಿಸದೆ ಇದ್ದವ್ರಿಗೂ ಇದು ಬರತ್ತೆ. ಸುಮ್ನೆ ಕೂರೋದೂ ಒಂದು ಅಪಾಯನೇ.

ಈಗ ಹೇಳಿ, ಬಾಯಿ ಎಷ್ಟು ತೆರೀತಾರೆ? ಶುಗರ್ ಇದ್ಯಾ? ರಕ್ತ ತೆಳು ಮಾಡೋ ಮಾತ್ರೆ? ಹೊಗೆಸೊಪ್ಪು ಕಡ್ಡಿಪುಡಿ ಬಿಟ್ಟಿದಾರಾ? ಓಪಿಜಿ ಎಕ್ಸ್‌ರೇ, ಅಂದ್ರೆ ಎರಡೂ ದವಡೆ ಪೂರ್ತಿ ಒಂದೇ ಫಿಲ್ಮಲ್ಲಿ ಬರೋದು, ಆಗಿದ್ಯಾ?


ಕುವೆಂಪುನಗರದ ಅಕ್ಕ:

ತಮ್ಮಾ ದಯವಿಟ್ಟು ಡಾಕ್ಟ್ರು ಹೇಳಿದ್ದನ್ನ ಕೇಳಿ. ನಮ್ಮಮ್ಮಂಗೆ ಆಗಿದ್ದು ಹೇಳ್ತೀನಿ. ನಾಲಗೆ ಪಕ್ಕ ಕ್ಯಾನ್ಸರ್ ಇತ್ತು, ಕರೆಂಟ್ ಆಗಿ ನಾಲ್ಕು ವರ್ಷ ಚೆನ್ನಾಗೇ ಇದ್ರು. ಒಂದು ಹಲ್ಲು ಅಲ್ಲಾಡ್ತಿತ್ತು ಅಂತ ಮನೆ ಹತ್ರದ ಕ್ಲಿನಿಕ್ಕಲ್ಲಿ ತೋರ್ಸಿದ್ರೆ ಹಳೇ ಕಾಯಿಲೆ ಏನಾದ್ರೂ ಇದ್ಯಾ ಅಂತ ಒಂದು ಮಾತೂ ಕೇಳ್ದೆ ಕಿತ್ತುಹಾಕಿದ್ರು. ಕೀಳೋವಾಗ ಏನೂ ಕಷ್ಟ ಆಗ್ಲಿಲ್ಲ, ಸುಲಭವಾಗೇ ಬಂತು, ಅದೇ ನಮಗೆ ಮೋಸ ಆಗಿದ್ದು, ಎಲ್ಲ ಸರಿ ಹೋಯ್ತು ಅಂದ್ಕೊಂಡ್ವಿ.

ಗುಳಿ ಮುಚ್ಚಲೇ ಇಲ್ಲ. ನೋವೂ ಅಷ್ಟಿರ್ಲಿಲ್ಲ. ಅಮ್ಮ ನಾಲಗೆಗೆ ಏನೋ ಒರಟಾಗಿ ತಗುಲತ್ತೆ, ಅನ್ನದಲ್ಲಿ ಕಲ್ಲು ಸಿಕ್ಕಂಗೆ ಅಂತಿದ್ರು. ಟಾರ್ಚ್ ಹಾಕಿ ನೋಡಿದ್ರೆ ವಸಡಿನ ಮಧ್ಯ ಹಳದಿ ಬಿಳಿ ಬಣ್ಣದ್ದೇನೋ ಅಕ್ಕಿ ಕಾಳಿನಷ್ಟು ಕಾಣ್ತಿತ್ತು, ಊಟ ಸಿಕ್ಕೊಂಡಿದೆ ಅಂತ ಹತ್ತೀಲಿ ತೆಗಿಯೋಕೆ ಹೋದ್ರೆ ಅಲ್ಲಾಡ್ಲೇ ಇಲ್ಲ, ಅದು ಮೂಳೆ. ವಾರ ವಾರಕ್ಕೂ ಅದು ಅಗಲ ಆಗ್ತಾ ಹೋಯ್ತು, ಬಾಯಿ ವಾಸನೆ, ಅಮ್ಮ ನೆಂಟರ ಮನೆಗೆ ಹೋಗೋದೇ ನಿಲ್ಲಿಸಿದ್ರು. ಆಮೇಲೆ ಕೆಳತುಟಿ ಗದ್ದ ಜೋಮು ಹಿಡಿದಂಗೆ ಆಯ್ತು. ಆಗ ಡೆಂಟಲ್ ಕಾಲೇಜಿಗೆ ಹೋದ್ವಿ, ಅವ್ರು ಮೊದಲು ಕ್ಯಾನ್ಸರ್ ವಾಪಸ್ ಬಂದಿಲ್ಲ ತಾನೇ ಅಂತ ಪರೀಕ್ಷೆ ಮಾಡಿ, ಸ್ಕ್ಯಾನ್ ಮಾಡಿ, ಇಂಥ ಕಾಯಿಲೆ ಅಂತ ಹೇಳಿದ್ರು. ತುಂಬ ಕಾಲ ಮಾತ್ರೆ, ಬಾಯಿ ತೊಳೆಯೋದು, ಒಂದು ದಿನ ಉಪ್ಪು ನೀರು ಮುಕ್ಕಳಿಸ್ತಿದ್ದಾಗ ಉಗುರಿನಷ್ಟು ಮೂಳೆ ಚೂರು ಸಿಂಕಿಗೆ ಟಕ್ ಅಂತ ಬಿತ್ತು. ಅದು ಬಿದ್ದ ಮೇಲೆ ಆ ಜಾಗ ನಿಧಾನಕ್ಕೆ ಮುಚ್ಚಿಕೊಂಡು ಬಂತು. ದವಡೆ ಮುರೀಲಿಲ್ಲ, ಅದು ದೇವ್ರು ದೊಡ್ಡವ್ನು. ಅಲ್ಲೇ ವಾರ್ಡಲ್ಲಿ ದವಡೆ ಮುರ್ದು ಕೆನ್ನೆಯಿಂದ ಕೀವು ಹೊರಗೆ ಬರ್ತಿದ್ದ ಒಬ್ಬರನ್ನ ನೋಡಿದೀನಿ, ಅವ್ರಿಗೆ ಕಾಲಿನ ಮೂಳೆ ತೆಗೆದು ದವಡೆಗೆ ಕೂರಿಸೋ ದೊಡ್ಡ ಆಪರೇಷನ್ ಆಗಬೇಕಿತ್ತು.

ಹೆದರಿಸೋಕೆ ಹೇಳ್ತಿಲ್ಲ ತಮ್ಮಾ. ಯಾವ ಹಲ್ಲಿನ ಡಾಕ್ಟ್ರ ಹತ್ರ ಹೋದ್ರೂ ಅವ್ರು ಕೇಳ್ಲಿ ಬಿಡ್ಲಿ ನೀವೇ ಮೊದಲು ಕರೆಂಟ್ ಆಗಿದೆ ಅನ್ನಿ, ಆ ಪೇಪರ್ ಟೇಬಲ್ ಮೇಲಿಡಿ.


ರೇಡಿಯೇಷನ್ ಟೆಕ್ನೀಷಿಯನ್:

ಒಂದು ವಿಷ್ಯ ಸೇರಿಸ್ತೀನಿ. ಸಮ್ಮರಿಯಲ್ಲಿರೋ 60 ಗ್ರೇ ಅನ್ನೋದು ಗಡ್ಡೆ ಇದ್ದ ಜಾಗಕ್ಕೆ ಬರೆದ ಡೋಸು. ಆ ಒಂದು ಹಲ್ಲಿನ ಬುಡಕ್ಕೆ ಎಷ್ಟು ಬಿದ್ದಿದೆ ಅನ್ನೋದು ಬೇರೆ ಲೆಕ್ಕ, ಅದು ಪ್ಲಾನಿಂಗ್ ಕಂಪ್ಯೂಟರಲ್ಲಿ ಸಿಟಿ ಸ್ಕ್ಯಾನ್ ಮೇಲೆ ಬಣ್ಣ ಬಣ್ಣದ ಗೆರೆ ಥರ ಇರತ್ತೆ. ಐಎಂಆರ್‌ಟಿ ಥರದ, ಅಂದ್ರೆ ಜಾಗಕ್ಕೆ ತಕ್ಕಂತೆ ಡೋಸ್ ಹೆಚ್ಚು ಕಮ್ಮಿ ಮಾಡೋ ಹೊಸ ವಿಧಾನದಲ್ಲಿ ಕೊಟ್ಟಿದ್ರೆ ಒಂದೇ ದವಡೇಲಿ ಹಿಂದಗಡೆ ಹಲ್ಲಿಗೆ 60 ಬಿದ್ದು ಮುಂದಿನ ಹಲ್ಲಿಗೆ 30 ಬಿದ್ದಿರಬಹುದು, ಎಡಗಡೆ ಇನ್ನೂ ಕಮ್ಮಿ. ನೀವು ಕರೆಂಟ್ ಕೊಡಿಸಿದ ಆಸ್ಪತ್ರೆಗೆ ಹೋಗಿ ಫೈಲ್ ನಂಬರ್ ಕೊಟ್ಟು, ಹಲ್ಲು ಕೀಳಿಸೋ ವಿಚಾರ ಇದೆ ಬಲ ಕೆಳದವಡೆ ಡೋಸ್ ಎಷ್ಟಿದೆ ಅಂತ ಬರೆದು ಕೊಡಿ ಅಂತ ಕೇಳಿ. ಡಾಕ್ಟ್ರು, ಡೋಸ್ ಲೆಕ್ಕ ಹಾಕೋ ಫಿಸಿಸಿಸ್ಟ್ ಹತ್ರ ನೋಡಿಸಿ ಕೊಡ್ತಾರೆ, ಇದು ದೊಡ್ಡ ಕೆಲ್ಸ ಏನಲ್ಲ, ಆದ್ರೆ ಕೇಳೋರೇ ಇಲ್ಲ. 50 ಗ್ರೇ ಮೇಲಿದ್ರೆ ಹುಷಾರು, 60 ದಾಟಿದ್ರೆ ಇನ್ನೂ ಹುಷಾರು.


ಪಾಂಡವಪುರದ ಹುಡುಗ:

ತುಂಬ ಥ್ಯಾಂಕ್ಸ್ ಎಲ್ರಿಗೂ. ಅಕ್ಕಾ ನಿಮ್ಮಮ್ಮನ ವಿಷ್ಯ ಓದಿ ಹೊಟ್ಟೆ ಹಿಂಡಿದಂಗಾಯ್ತು.

ಸಾರ್ ನೀವು ಕೇಳಿದ್ದಕ್ಕೆ: ಬಾಯಿ ಎರಡು ಬೆರಳು ಹಿಡಿಯೋಷ್ಟು ತೆರೀತಾರೆ, ಮೂರನೇದು ಹೋಗಲ್ಲ. ಶುಗರ್ ಅದೆ, ಮಾತ್ರೆ ತಗೋತಾರೆ, ಈಚೆಗೆ ಚೆಕ್ ಮಾಡ್ಸಿಲ್ಲ. ರಕ್ತ ತೆಳು ಮಾಡೋದು ಯಾವ್ದೂ ಇಲ್ಲ. ಕಡ್ಡಿಪುಡಿ ಬಿಟ್ಟವ್ರೆ ಅಂತ ನಾವಂದ್ಕೊಂಡಿದ್ವಿ, ತೋಟದ ಮನೇಲಿ ಪೊಟ್ಟಣ ಸಿಕ್ತು. ಎಕ್ಸ್‌ರೇ ಆಗಿಲ್ಲ. ಕೀಳ್ಸದೆ ರೂಟ್ ಕೆನಾಲ್ ಮಾಡ್ಸಬಹುದಾ, ಹಲ್ಲು ಅರ್ಧ ಮುರ್ದೋಗದಲ್ಲ ಅದಕ್ಕೆ ಕ್ಯಾಪ್ ಕೂರ್ತದಾ? ಆಕ್ಸಿಜನ್ ವಿಷ್ಯ ಏನು? ಅದಕ್ಕೆ ದುಡ್ಡು ತುಂಬ ಆಗ್ತದಂತೆ, ಬೇಕೇ ಬೇಕು ಅಂದ್ರೆ ಹೆಂಗಾದ್ರೂ ಹೊಂದಿಸ್ತೀನಿ.


ಮೈಸೂರು ಓರಲ್ ಸರ್ಜನ್:

ಕಡ್ಡಿಪುಡಿ ವಿಷ್ಯ ಮೊದಲು. ಅದು ಬಾಯಲ್ಲಿ ಇರೋ ತನಕ ಯಾವ ಗಾಯನೂ ಸರಿಯಾಗಿ ಮಾಯಲ್ಲ, ಮತ್ತೆ ಕ್ಯಾನ್ಸರ್ ಬಂದ ಬಾಯಿಗೆ ಅದು ಎಂಥ ಅಪಾಯ ಅಂತ ನಿಮಗೆ ಹೇಳ್ಬೇಕಾಗಿಲ್ಲ. ಬೈದ್ರೆ ಬಚ್ಚಿಟ್ಟು ಹಾಕ್ಕೋತಾರೆ, ಅದಕ್ಕೆ ನೋವಿರೋ ಈ ಹೊತ್ತಲ್ಲೇ ಕೂತು ಮಾತಾಡಿ, ನಾವೂ ಹೇಳ್ತೀವಿ. ಶುಗರ್ ಖಾಲಿ ಹೊಟ್ಟೆಯದ್ದೂ ಮೂರು ತಿಂಗಳ ಸರಾಸರಿಯದ್ದೂ ಎರಡೂ ಮಾಡಿಸ್ಕೊಂಡೇ ಬನ್ನಿ.

ರೂಟ್ ಕೆನಾಲ್, ಹೌದು, ನಮ್ಮ ಮೊದಲ ಯೋಚನೆ ಅದೇ. 2024ರಲ್ಲಿ ಅಮೆರಿಕದ ಕ್ಯಾನ್ಸರ್ ವೈದ್ಯರ ಸಂಘ ಬೇರೆ ಅಂತಾರಾಷ್ಟ್ರೀಯ ಸಂಘಗಳ ಜೊತೆ ಸೇರಿ ಕೊಟ್ಟ ಮಾರ್ಗಸೂಚಿ ಕೂಡ ಇದನ್ನೇ ಹೇಳತ್ತೆ, 50 ಗ್ರೇ ಅಥವಾ ಮೇಲೆ ಬಿದ್ದ ದವಡೇಲಿ ಸಾಧ್ಯ ಆದಷ್ಟು ಹಲ್ಲನ್ನ ಫಿಲ್ಲಿಂಗು ರೂಟ್ ಕೆನಾಲ್ ಮಾಡಿ ಉಳಿಸಿಕೊಳ್ಳಿ, ನೋವು ತಡೆಯೋಕೇ ಆಗ್ತಿಲ್ಲ, ಪದೇ ಪದೇ ಸೋಂಕು ಬರ್ತಿದೆ ಅಂಥ ಕಡೆ ಮಾತ್ರ ಕೀಳೋ ಯೋಚನೆ ಮಾಡಿ ಅಂತ. ಕ್ಯಾಪ್ ಕೂರದೇ ಇದ್ರೂ ಚಿಂತೆ ಇಲ್ಲ. ಬೇರಿನ ಒಳಗಿನ ನರ ಸೋಂಕು ಎಲ್ಲ ಕ್ಲೀನ್ ಮಾಡಿ ತುಂಬಿಸಿ, ಮೇಲೆ ಉಳಿದಿರೋ ಮುರುಕು ಹಲ್ಲನ್ನ ವಸಡಿನ ಮಟ್ಟಕ್ಕೆ ಸವೆಸಿ ಸಿಮೆಂಟ್ ಹಾಕಿ ಮುಚ್ಚಿಬಿಡ್ತೀವಿ. ಬೇರು ಮೂಳೆ ಒಳಗೇ ಇರತ್ತೆ, ಅಗಿಯೋಕೆ ಆ ಹಲ್ಲು ಉಪಯೋಗಕ್ಕೆ ಬರಲ್ಲ, ಆದ್ರೆ ಮೂಳೆಗೆ ಗಾಯ ಆಗಲ್ಲ. ಒಬ್ಬ ಮನುಷ್ಯ ಒಂದು ಹಲ್ಲು ಕಮ್ಮಿ ಇಟ್ಕೊಂಡು ಆರಾಮಾಗಿ ಬದುಕಬಹುದು. ಇದನ್ನ ರೋಗಿಗಳಿಗೆ ಯಾರೂ ಹೇಳೋದೇ ಇಲ್ಲ, ಕೀಳೋದು ಇಲ್ಲ ಕ್ಯಾಪ್ ಹಾಕೋದು ಎರಡೇ ದಾರಿ ಅಂದ್ಕೊಂಡಿರ್ತಾರೆ. ಎರಡು ಬೆರಳು ಬಾಯಿ ತೆರೆಯೋರಿಗೆ ಹಿಂದಿನ ಹಲ್ಲಿನ ರೂಟ್ ಕೆನಾಲ್ ಮಾಡೋದು ಕಷ್ಟದ ಕೆಲ್ಸ, ಆದ್ರೆ ತಾಳ್ಮೆ ಇರೋ ಡಾಕ್ಟ್ರು ಮಾಡ್ತಾರೆ. ಬಾಯಿ ತೆರೆಯೋ ವ್ಯಾಯಾಮ ಇವತ್ತೇ ಶುರು ಮಾಡ್ಸಿ, ಐಸ್‌ಕ್ರೀಮ್ ಕಡ್ಡಿಗಳನ್ನ ಒಂದರ ಮೇಲೊಂದು ಜೋಡಿಸಿ ಮುಂದಿನ ಹಲ್ಲುಗಳ ಮಧ್ಯೆ ಇಟ್ಟು ಸ್ವಲ್ಪ ಹೊತ್ತು ಹಿಡಿಯೋದು, ನಿಧಾನಕ್ಕೆ ಒಂದೊಂದು ಕಡ್ಡಿ ಜಾಸ್ತಿ ಮಾಡೋದು. ಆದ್ರೆ ಮುಂದಿನ ಹಲ್ಲೂ ಬುಡದಲ್ಲಿ ಹುಳುಕಾಗಿದ್ರೆ ಮೊದಲು ನಮಗೆ ತೋರಿಸಿ, ಮುರ್ಕೋಬಾರದು.

ಬೇರಿನ ಬುಡದಲ್ಲಿ ಕೀವು ತುಂಬಿ ಹಲ್ಲು ಉಳಿಯೋ ಸ್ಥಿತೀಲೇ ಇಲ್ಲ ಅಂದ್ರೆ ತೆಗೀಲೇಬೇಕಾಗತ್ತೆ. ಅದನ್ನ ಇಕ್ಕಳ ಹಾಕಿ ಅಲ್ಲಾಡ್ಸಿ ಎಳೆಯೋದಲ್ಲ. ಕೆಳಗಿನ ದವಡೆ ಹಲ್ಲಿಗೆ ಎರಡು ಬೇರು, ನಾವು ಸಲೈನ್ ನೀರು ಬಿಡ್ತಾ ಹಲ್ಲನ್ನ ಮಧ್ಯಕ್ಕೆ ಸೀಳಿ ಒಂದೊಂದು ಬೇರನ್ನ ಬೇರೆ ಬೇರೆಯಾಗಿ ಅದರದರ ದಾರೀಲೇ ಬಿಡಿಸ್ತೀವಿ, ಪಕ್ಕದ ಮೂಳೆಗೆ ಒತ್ತಡ ಬೀಳದ ಹಾಗೆ. ಮೂಳೆ ಅಂಚು ಚೂಪಾಗಿ ಉಳಿದ್ರೆ ಅದೇ ಆಮೇಲೆ ವಸಡನ್ನ ಚುಚ್ಚಿ ಹೊರಗೆ ಬರೋದು, ಅದಕ್ಕೆ ಅದನ್ನ ನಯ ಮಾಡಿ, ವಸಡನ್ನ ಎಳೆತ ಇಲ್ಲದ ಹಾಗೆ ಸೇರಿಸಿ ಹೊಲಿಗೆ ಹಾಕ್ತೀವಿ. ಒಂದೇ ದಿನ ನಾಲ್ಕೈದು ಹಲ್ಲು ಕೀಳಲ್ಲ, ಒಂದೆರಡು ತೆಗೆದು ಅದು ಮಾಯ್ದ ಮೇಲೆ ಮುಂದಿನದ್ದು. ಆಂಟಿಬಯೋಟಿಕ್ ಮೊದಲೂ ಆಮೇಲೂ ಇರತ್ತೆ. ಕೆಲವರಿಗೆ ಪೆಂಟಾಕ್ಸಿಫಿಲಿನ್ ಅನ್ನೋ ರಕ್ತ ಸಂಚಾರದ ಮಾತ್ರೆ ಮತ್ತೆ ವಿಟಮಿನ್ ಇ ಜೊತೆಗೆ ಕೊಡ್ತೀವಿ, ಇದನ್ನ ಮೆಡಿಕಲ್ ಶಾಪಲ್ಲಿ ನೀವೇ ಕೇಳಿ ತಗೋಬೇಡಿ, ರಕ್ತಸ್ರಾವ ಆಗೋ ತೊಂದ್ರೆ ಇದ್ಯಾ ನೋಡ್ಕೊಂಡು ಬರೀಬೇಕು.

ಆಕ್ಸಿಜನ್ ಚೇಂಬರ್, ಅಂದ್ರೆ ಜಾಸ್ತಿ ಒತ್ತಡದಲ್ಲಿ ಶುದ್ಧ ಆಮ್ಲಜನಕ ಉಸಿರಾಡಿಸೋ ಕೋಣೆ, ಅದರ ಕಥೆ ಇದು. 1983ರಲ್ಲಿ ರಾಬರ್ಟ್ ಮಾರ್ಕ್ಸ್ ಅನ್ನೋ ಅಮೆರಿಕದ ಸರ್ಜನ್, ಈ ಕಾಯಿಲೆ ಮೂಲತಃ ಸೋಂಕಲ್ಲ, ರಕ್ತನಾಳ ಜೀವಕೋಶ ಆಮ್ಲಜನಕ ಮೂರೂ ಕಮ್ಮಿ ಆಗಿ ಗಾಯ ಮಾಯದೆ ಇರೋದು ಅಂದ್ರು. ಹಾಗಾದ್ರೆ ಆಮ್ಲಜನಕ ಕೊಡೋಣ ಅಂತ 1985ರಲ್ಲಿ 74 ಜನರ ಮೇಲೆ ಹೋಲಿಸಿ ನೋಡಿದ್ರು. ಬರೀ ಪೆನಿಸಿಲಿನ್ ಕೊಟ್ಟವ್ರಲ್ಲಿ ಹತ್ತಿರ ಹತ್ತಿರ 30% ಜನಕ್ಕೆ ಮೂಳೆ ಕೊಳೀತು, ಚೇಂಬರಲ್ಲಿ ಕೂತವ್ರಲ್ಲಿ 5% ಚಿಲ್ಲರೆ. ಅಲ್ಲಿಂದ ಕೀಳೋಕೆ ಮುಂಚೆ 20 ಸಲ ಆಮೇಲೆ 10 ಸಲ, ಒಂದೊಂದ್ಸಲ 90 ನಿಮಿಷ ಅನ್ನೋ ಪದ್ಧತಿ ಎಲ್ಲಾ ಕಡೆ ಬಂತು. ಆದ್ರೆ 2019ರಲ್ಲಿ ಹೊರಗೆ ಬಂದ ಹೋಪಾನ್ ಅನ್ನೋ ಬ್ರಿಟನ್ ಮುಂದಾಳತ್ವದ ಅಧ್ಯಯನದಲ್ಲಿ ಚೇಂಬರ್ ಪಡೆದವ್ರಲ್ಲಿ 6.4%, ಪಡೆಯದೆ ಇದ್ದವ್ರಲ್ಲಿ 5.7%. ಅಂದ್ರೆ ವ್ಯತ್ಯಾಸ ಏನೂ ಇಲ್ಲ. ಚೇಂಬರ್ ಇಲ್ದೇನೂ ಈಗ ಅಪಾಯ ಇಷ್ಟು ಕಮ್ಮಿ ಆಗಿದ್ಯಲ್ಲ, ಹುಷಾರಾಗಿ ಕೀಳೋದು, ಆಂಟಿಬಯೋಟಿಕ್, ರೇಡಿಯೇಷನ್ ಕೊಡೋ ರೀತಿ ಸುಧಾರಿಸಿದ್ದು ಎಲ್ಲ ಸೇರಿ ಹಾಗಾಗಿರಬೇಕು ಅನ್ನೋದು ನನ್ನ ಅಭಿಪ್ರಾಯ. ಈಗಿನ ಮಾರ್ಗಸೂಚಿ ಎಲ್ಲರಿಗೂ ಚೇಂಬರ್ ಬೇಡ, ದವಡೆಯ ದೊಡ್ಡ ಭಾಗಕ್ಕೆ 50 ಗ್ರೇ ಮೇಲೆ ಬಿದ್ದಿರೋ ಕೆಲವರಿಗೆ ಯೋಚಿಸಬಹುದು ಅನ್ನತ್ತೆ. ನೀವು ಇದಕ್ಕೋಸ್ಕರ ಸಾಲ ಮಾಡೋ ಅವಶ್ಯಕತೆ ನನಗಂತೂ ಕಾಣಲ್ಲ. ಆ ದುಡ್ಡಲ್ಲಿ ಉಳಿದ ಹಲ್ಲುಗಳನ್ನ ಉಳಿಸಿ.

ಮೈಸೂರಲ್ಲಿ ಜೆಎಸ್‌ಎಸ್ ಇದೆ, ಫರೂಖಿಯಾ ಇದೆ, ಎರಡೂ ಡೆಂಟಲ್ ಕಾಲೇಜು. ಓರಲ್ ಸರ್ಜರಿ, ರೂಟ್ ಕೆನಾಲ್, ಎಕ್ಸ್‌ರೇ ಎಲ್ಲಾ ವಿಭಾಗನೂ ಒಂದೇ ಕಟ್ಟಡದಲ್ಲಿ ಸಿಗೋದ್ರಿಂದ ಹಳ್ಳಿಯಿಂದ ಬರೋರಿಗೆ ಅನುಕೂಲ. ಬೆಳಗ್ಗೆನೇ ಬನ್ನಿ, ರೇಡಿಯೇಷನ್ ಪೇಪರ್ ಮರೀಬೇಡಿ. ಅಷ್ಟರಲ್ಲಿ ಮತ್ತೆ ಊತ ಜ್ವರ ಬಂದ್ರೆ ಕಾಯ್ಬೇಡಿ, ಅವತ್ತೇ ಬನ್ನಿ.


ಮಳವಳ್ಳಿ ಟೀಚರ್:

ಮಧ್ಯ ಬಂದಿದ್ದಕ್ಕೆ ಕ್ಷಮಿಸಿ ಸರ್. ನಮ್ಮ ನಾದಿನಿಗೆ ಗಂಟಲು ಕ್ಯಾನ್ಸರ್, ಕರೆಂಟ್ ಇನ್ನೂ ಶುರು ಆಗಿಲ್ಲ, ಮುಂದಿನ ತಿಂಗಳು ಅಂದಿದ್ದಾರೆ. ಯಾರೋ ಎಲ್ಲಾ ಹಲ್ಲೂ ಮುಂಚೆನೇ ಕೀಳಿಸಿಬಿಡಿ ಅಂತಿದ್ದಾರೆ, ಅವಳಿಗೆ 38 ವರ್ಷ, ಅಳ್ತಾ ಕೂತಿದ್ದಾಳೆ. ಹಾಗೆ ಮಾಡಲೇಬೇಕಾ?


ಮೈಸೂರು ಓರಲ್ ಸರ್ಜನ್:

ಬೇಡ ಮೇಡಂ, ಚೆನ್ನಾಗಿರೋ ಹಲ್ಲು ಕೀಳಲ್ಲ, ಆ ಕಾಲ ಹೋಯ್ತು. ಅವರಿಗೆ ಮೊದಲು ಇದನ್ನ ಹೇಳಿ ಸಮಾಧಾನ ಮಾಡಿ. ಆದ್ರೆ ಈ ವಾರನೇ ಹಲ್ಲಿನ ಡಾಕ್ಟ್ರಿಗೆ ತೋರಿಸಿ ಓಪಿಜಿ ತೆಗೆಸಿ. ಉಳಿಸೋಕೇ ಆಗದ ಹಲ್ಲು, ವಸಡು ತುಂಬ ಸಡಿಲ ಆಗಿ ಅಲ್ಲಾಡೋ ಹಲ್ಲು, ಅರ್ಧ ಹೊರಗೆ ಬಂದು ಪದೇ ಪದೇ ಊದ್ಕೊಳೋ ಬುದ್ಧಿ ಹಲ್ಲು, ಇಂಥವು ಜಾಸ್ತಿ ಡೋಸ್ ಬೀಳೋ ಜಾಗದಲ್ಲಿ ಇದ್ರೆ ಮಾತ್ರ ತೆಗೀತೀವಿ. ತೆಗೆದು ಕರೆಂಟ್ ಶುರು ಮಾಡೋಕೆ ಮಧ್ಯ ಕಡೇಪಕ್ಷ ಎರಡು ವಾರ ಸಿಗಬೇಕು, ವಸಡು ಮುಚ್ಚಿಕೊಳ್ಳೋಕೆ. ಅದಕ್ಕೇ ಈ ವಾರ ಅಂದಿದ್ದು. ಹಲ್ಲಿಗೋಸ್ಕರ ಕ್ಯಾನ್ಸರ್ ಚಿಕಿತ್ಸೆನ ಮುಂದೆ ಹಾಕೋ ಹಾಗಿಲ್ಲ, ರೇಡಿಯೇಷನ್ ಡಾಕ್ಟ್ರು ಹಲ್ಲಿನ ಡಾಕ್ಟ್ರು ಒಬ್ಬರಿಗೊಬ್ಬರು ಫೋನ್ ಮಾಡಿ ದಿನ ಗೊತ್ತು ಮಾಡ್ಕೊಳ್ಳೋ ಹಾಗೆ ನೀವೇ ಹಿಂದೆ ಬಿದ್ದು ಮಾಡ್ಸಿ.


ಪಾಂಡವಪುರದ ಹುಡುಗ:

ಎಲ್ರಿಗೂ ಅಪ್ಡೇಟ್ ಕೊಡೋಣ ಅಂತ. ಮೈಸೂರಿಗೆ ಕರ್ಕೊಂಡು ಹೋಗಿ ತೋರ್ಸಿದ್ವಿ. ಟೆಕ್ನೀಷಿಯನ್ ಅಣ್ಣ ಹೇಳಿದಂಗೆ ಡೋಸ್ ಬರೆಸ್ಕೊಂಡು ಹೋಗಿದ್ದೆ, ಆ ಹಲ್ಲಿನ ಜಾಗಕ್ಕೆ 58 ಗ್ರೇ ಬಿದ್ದದಂತೆ, ಅದ್ನ ನೋಡಿದ ತಕ್ಷಣ ಅಲ್ಲಿ ಡಾಕ್ಟ್ರು ಕೀಳೋ ಮಾತು ಬಿಟ್ರು. ಎಕ್ಸ್‌ರೇಲಿ ಬೇರಿನ ಬುಡದಲ್ಲಿ ಕಪ್ಪಗೆ ಸಣ್ಣ ಸೋಂಕು ಕಾಣ್ತದೆ ಆದ್ರೆ ಮೂಳೆ ಗಟ್ಟಿಯಾಗೇ ಅದೆ, ರೂಟ್ ಕೆನಾಲ್ ಮಾಡಿ ಬೇರು ಒಳಗೇ ಬಿಡೋಣ ಅಂತ ತೀರ್ಮಾನ ಆಯ್ತು. ಮೊದಲನೇ ಸಿಟ್ಟಿಂಗ್ ಆಗದೆ, ಅವತ್ತು ರಾತ್ರಿ ಅಪ್ಪ ನಿದ್ದೆ ಮಾಡಿದ್ರು. ಎಡಗಡೆ ನಾಲ್ಕು ಹಲ್ಲಿಗೆ ಫಿಲ್ಲಿಂಗ್ ಹೇಳವ್ರೆ. ಶುಗರ್ ಜಾಸ್ತಿ ಇತ್ತು, ಮಾತ್ರೆ ಬದಲಾಯ್ಸವ್ರೆ. ಕಡ್ಡಿಪುಡಿ ಪೊಟ್ಟಣ ಅವ್ರೇ ಡಾಕ್ಟ್ರ ಎದುರು ತೆಗ್ದು ಕೊಟ್ರು, ನೋಡ್ಬೇಕು.

ಫ್ಲೋರೈಡ್ ಜೆಲ್ಲು ಮತ್ತೆ ಹಲ್ಲಿನ ಅಚ್ಚು ತಗೊಂಡು ಮಾಡಿದ ಒಂದು ಪ್ಲಾಸ್ಟಿಕ್ ಟ್ರೇ ಕೊಡ್ತೀವಿ ಅಂದವ್ರೆ, ಅದ್ನ ಜೀವನಪೂರ್ತಿ ಹಾಕ್ಕೋಬೇಕಾ? ಅಪ್ಪ ಮಾಡ್ತಾರೋ ಇಲ್ವೋ ಅಂತ ಯೋಚ್ನೆ.


ಕುವೆಂಪುನಗರದ ಅಕ್ಕ:

ನಿದ್ದೆ ಮಾಡಿದ್ರು ಅಂದ್ರಲ್ಲ ಅಷ್ಟು ಸಾಕು, ಖುಷಿ ಆಯ್ತು ತಮ್ಮಾ.

ಟ್ರೇ ವಿಷ್ಯ ನಾನು ಹೇಳ್ತೀನಿ, ಅಮ್ಮ ಈಗ್ಲೂ ಹಾಕ್ತಾರೆ. ಹೌದು ಜೀವನಪೂರ್ತಿನೇ, ಜೊಲ್ಲು ಕಮ್ಮಿ ಆದ ಬಾಯಿಗೆ ಹುಳುಕು ಬರೋದು ನಿಲ್ಲಲ್ಲ. ರಾತ್ರಿ ಬ್ರಷ್ ಮಾಡಿದ್ಮೇಲೆ ಟ್ರೇ ಒಳಗೆ ಜೆಲ್ ತೆಳ್ಳಗೆ ಸವರಿ ಐದರಿಂದ ಹತ್ತು ನಿಮಿಷ ಹಾಕ್ಕೊಂಡು ತೆಗೆದು ಉಗುಳೋದು, ನುಂಗಬಾರದು, ಅದಾದ್ಮೇಲೆ ಅರ್ಧ ಗಂಟೆ ನೀರು ಕುಡಿಯೋ ಹಾಗಿಲ್ಲ ಮುಕ್ಕಳಿಸೋ ಹಾಗಿಲ್ಲ. ನಮ್ಮಮ್ಮ ಟಿವಿ ಸೀರಿಯಲ್ ಶುರು ಆದಾಗ ಹಾಕ್ಕೊಂಡು ಮೊದಲನೇ ಅಡ್ವರ್ಟೈಸ್‌ಮೆಂಟಿಗೆ ತೆಗೀತಾರೆ, ಹಾಗೆ ಅಭ್ಯಾಸ ಆಗಿದೆ, ನಿಮ್ಮಪ್ಪಂಗೂ ಯಾವುದಾದ್ರೂ ಒಂದು ಹೊತ್ತಿಗೆ ಕಟ್ಟಿ ಹಾಕಿ. ಬಾಯಿ ಉರಿಯತ್ತೆ ಅಂದ್ರೆ ಜೆಲ್ ಹುಳಿ ಇಲ್ಲದ್ದು, ಅಂದ್ರೆ ನ್ಯೂಟ್ರಲ್ಲು, ಕೊಡಿ ಅಂತ ಕೇಳಿ. ಟ್ರೇ ಆಗಲ್ಲ ಅಂತ ಹಠ ಮಾಡಿದ್ರೆ 5000 ಪಿಪಿಎಂ ಫ್ಲೋರೈಡ್ ಇರೋ ಟೂತ್‌ಪೇಸ್ಟ್ ಬರತ್ತೆ, ಮಾಮೂಲಿದು 1000 ಚಿಲ್ಲರೆ ಇರೋದು, ಅದನ್ನ ಡಾಕ್ಟ್ರ ಹತ್ರ ಬರೆಸ್ಕೊಳ್ಳಿ. ಬಾಯಿ ಒಣಗತ್ತೆ ಅಂತ ಪೆಪ್ಪರ್‌ಮಿಂಟು ಬೆಲ್ಲದ ಚೂರು ಬಾಯಲ್ಲಿ ಇಟ್ಕೊಳ್ಳೋ ಅಭ್ಯಾಸ ಇದ್ರೆ ಬಿಡಿಸಿ, ಸಕ್ಕರೆ ಇಲ್ಲದ ಚೂಯಿಂಗ್ ಗಮ್ ಕೊಡಿ. ತಿಂಗಳಿಗೊಂದ್ಸಲ ನೀವೇ ಟಾರ್ಚ್ ಹಾಕಿ ವಸಡು ನೋಡಿ, ಬಿಳಿ ಹಳದಿ ಏನಾದ್ರೂ ಕಂಡ್ರೆ, ಇಲ್ಲ ಗದ್ದ ಜೋಮು ಅಂದ್ರೆ, ಅವತ್ತೇ ಹೊರಡಿ.